ಎತ್ತಿಲ್ಲದ ಗಾಣ

ಭೋಜ ಊರಿನ ನಮ್ಮ ಹೊಲದ ಗಾಣಕ್ಕೆ ಡೀಸೆಲ್ ಇಂಜಿನ್ ಬಂದದ್ದು ಎಂಬತ್ತರ ದಶಕದ ಮೊದಮೊದಲಲ್ಲಿ. ಅಲ್ಲಿಯವರೆಗೆ ಎತ್ತು ತಿರುಗಿಸಿಯೇ ಕಬ್ಬಿನ ಹಾಲು ತೆಗೆಯುತ್ತಿದ್ದೆವು. ಗಾಣಕ್ಕೆ ಕಬ್ಬು ಉಣಿಸಲು ಒಬ್ಬ ಕಾಕಾ ಇದ್ದರು. ಗಾಣದ ಬುಡದಲ್ಲೇ ಕೂತು, ಏನಾದರೂ ಸಿಕ್ಕಿಕೊಂಡರೆ “ಹೋ” ಎನ್ನುವರು. ಎತ್ತುಗಳು ಇಟ್ಟ ಹೆಜ್ಜೆಯಲ್ಲೇ ನಿಲ್ಲುವವು. ಒಮ್ಮೆ ಬೆರಳ ತುದಿ ಕಬ್ಬು ಅರೆಯುವ ಉರುಳೆಗೆ ತಾಗಿದಾಗಲೂ ಆ ಕೂಗೇ ಅವರನ್ನು ಉಳಿಸಿತ್ತು.

ಇಂಜಿನ್ ಬಂದ ಮೇಲೂ ಕಾಕಾ ಕೂತದ್ದು ಅದೇ ಜಾಗದಲ್ಲಿ, ಅಷ್ಟೇ ಹತ್ತಿರ. ರೊಟ್ಟಿ ಒಯ್ದಾಗಲೆಲ್ಲ ನಾನು ಹೇಳುತ್ತಿದ್ದೆ, ಹಿಂದೆ ಸರಿದು ಕೂಡಿರಿ, ಅಂಗಿಯ ತೋಳು ಮಡಚಿರಿ ಎಂದು. ಏನಾದರೂ ಸಿಕ್ಕಿಕೊಂಡರೆ ನಿಲ್ಲಿಸಲು ಇಂಜಿನ್ ಬಳಿ ಯಾವಾಗಲೂ ಒಬ್ಬರಿರಲಿ ಎಂದು ನಮ್ಮ ಮನೆಯವರಿಗೂ ಹೇಳಿದ್ದೆ. ಸುಮ್ಮನೆ ಕೂಡ್ರಲು ಒಂದು ಆಳು ಯಾಕೆ ಎಂದು ಅವರು ನಕ್ಕುಬಿಟ್ಟಿದ್ದರು.

ಒಂದು ಮಧ್ಯಾಹ್ನ ನಾನೇ ಅಂದೆ, “ಕಾಕಾ, ಒಮ್ಮೆ ಅದಕ್ಕ ಹೋ ಅನ್ರಿ, ನೋಡೂಣು.”

ಕಾಕಾ ಕತ್ತು ತಿರುಗಿಸಿ ಗಂಟಲು ತುಂಬ ಕೂಗಿದರು. ಇಂಜಿನ್ನಿನಿಂದ ಗಾಣ ತಿರುಗಿಸುವ ಪಟ್ಟಾ ತನ್ನಷ್ಟಕ್ಕೆ ತಿರುಗುತ್ತಲೇ ಇತ್ತು.

“ಹೊಸಾ ಎತ್ತು ರೀ ವೈನಿಯವರ,” ಎಂದ ನನ್ನ ಕಡೆ ತಿರುಗಿ, ಬೆಲ್ಲದ ಕೊಪ್ಪರಿಗೆ ಕದಡುತ್ತಿದ್ದವನು. “ಇನ್ನಾ ಪಳಗಿಲ್ಲ.”

ಎಲ್ಲರೂ ನಕ್ಕರು, ಕಾಕಾ ಕೂಡ. ಅಂದಿನಿಂದ ಹೊತ್ತು ಹೋಗದಿದ್ದರೆ ಯಾರಾದರೊಬ್ಬರು ಇಂಜಿನ್ನಿಗೆ ಹೋ ಎನ್ನುವುದು, ಉಳಿದವರು ನಗುವುದು ಗಾಣದ ರೂಢಿಯಾಯಿತು.

ಬೇಸಿಗೆ ಹತ್ತಿರವಾದಾಗ ಆದದ್ದು ಇದು. ನಾನು ಬುತ್ತಿ ಇಳಿಸುತ್ತಿದ್ದೆ. ಕಾಕಾರ ಅಂಗಿಯ ತೋಳಿನ ತುದಿಯನ್ನು ಕಬ್ಬಿನ ಸಿಬಿರು ಉರುಳೆಗಳ ಒಳಗೆ ಎಳೆಯಿತು. ಹಳೇ ಅಂಗಿ, ಜಗ್ಗಿದ್ದರೆ ಹರಿದು ಬರುತ್ತಿತ್ತು. ಕಾಕಾ ಜಗ್ಗಲಿಲ್ಲ. ಇಂಜಿನ್ ಕಡೆ ಮುಖ ಮಾಡಿ “ಹೋ” ಎಂದರು. ಮತ್ತೊಮ್ಮೆ “ಹೋ” ಎಂದರು. ಕೊಪ್ಪರಿಗೆಯ ಬಳಿ ಯಾರೋ ನಕ್ಕದ್ದು ಕೇಳಿಸಿತು. ಮೂರನೆಯದು ಹೋ ಆಗಿರಲಿಲ್ಲ, ಚೀರಾಟವಾಗಿತ್ತು. ಆಗ ಕದಡುವವನು ಓಡಿ, ಕೋಲಿನಿಂದ ಪಟ್ಟಾವನ್ನು ಗಾಲಿಯಿಂದ ಕೆಡವಿ ಗಾಣ ನಿಲ್ಲಿಸಿದ.

ಮಿರಜಿನ ದವಾಖಾನೆಯಲ್ಲಿ ಬಲಗೈಯನ್ನು ಮಣಿಕಟ್ಟಿನ ಮೇಲಿನಿಂದ ಕತ್ತರಿಸಿ ತೆಗೆದರು.

ಮುಂದಿನ ಹಂಗಾಮಿಗೆ ಕಾಕಾ ತಾವಾಗಿಯೇ ಬಂದು, ಪಟ್ಟಾ ಕೆಡವುವ ಕೋಲು ಹಿಡಿದು ಇಂಜಿನ್ ಬಳಿ ಕೂತರು. ಸುಮ್ಮನೆ ಕೂಡ್ರಲು ಆಳು ಯಾಕೆ ಎಂದು ಈಗ ಯಾರೂ ಕೇಳಲಿಲ್ಲ. ಕಬ್ಬು ಉಣಿಸಲು ಬಂದ ಹೊಸಬ ಬೇರೆ ಊರಿನ ಎತ್ತಿನ ಗಾಣದಿಂದ ಬಂದವನು. ಮೊದಲ ದಿನವೇ ಕಬ್ಬು ಸಿಕ್ಕಿಕೊಂಡಾಗ ಹೋ ಎಂದ. ಕಾಕಾ ಎಡಗೈಯ ಕೋಲಿನಿಂದ ಪಟ್ಟಾ ಕೆಡವಿ, ಎದ್ದು ಅವನ ಮುಂದೆ ನಿಂತರು.

“ಬಾಯಿ ಬಿಡಬ್ಯಾಡ. ಮದಲ ಕೈ ತಗೀ.”

ಮೊಂಡುಗೈಯನ್ನು ಅವನ ಕಣ್ಣ ಮುಂದೆ ಹಿಡಿದೇ ಹೇಳಿದರು. ಯಾರೂ ನಗಲಿಲ್ಲ. ಆಮೇಲೆ ದಿನವೂ ನಾನು ಬುತ್ತಿ ಬಿಚ್ಚಿಟ್ಟು ಕಾಯುತ್ತಿದ್ದೆ. ಗಾಣ ಪೂರ್ತಿ ನಿಂತ ಮೇಲೆಯೇ ಆ ಎಡಗೈ ಕೋಲು ಬಿಟ್ಟು ರೊಟ್ಟಿಗೆ ಬರುತ್ತಿತ್ತು.