ಹಂಸ ಮೇಲೆ, ಚೇಳು ಕೆಳಗೆ

ಆರನೇ ತರಗತಿಗೆ ಲೆಕ್ಕ ಹೇಳಿಕೊಡುತ್ತಿದ್ದ ಆಕೆಯನ್ನು ಶಾಲೆಯಲ್ಲಿ ಎಲ್ಲರೂ ಪಿಸು ಟೀಚರ್ ಎಂದೇ ಕರೆಯುತ್ತಿದ್ದರು. ಎದುರಿಗೆ ಕರೆಯುತ್ತಿರಲಿಲ್ಲ, ಕರೆದಿದ್ದರೂ ಅವರು ಬೇಸರ ಮಾಡಿಕೊಳ್ಳುವವರಲ್ಲ. ಅಪ್ಪ ಅಚ್ಚುಕೂಟದಲ್ಲಿ ರಾತ್ರಿಪಾಳಿ ಮುಗಿಸಿ ಬಂದು ಹಗಲೆಲ್ಲ ನಿದ್ದೆ ಮಾಡುತ್ತಿದ್ದ ಮನೆಯಲ್ಲಿ ಬೆಳೆದವರು. ಆ ಮನೆಯಲ್ಲಿ ಜಗಳವೂ ಪಿಸುಮಾತಿನಲ್ಲೇ ನಡೆಯುತ್ತಿತ್ತು. ಅಕ್ಕನ ಸಂಬಂಧ ಮುರಿದುಬಿದ್ದ ಸುದ್ದಿ ಬಂದಾಗ ಅಮ್ಮ ದಿಂಬಿಗೆ ಬಾಯಿ ಒತ್ತಿಕೊಂಡು ಅತ್ತಿದ್ದರು. ಅಪ್ಪನಿಗೆ ಅದು ಗೊತ್ತಾದದ್ದು ಸಂಜೆ ಎದ್ದು ಮುಖ ತೊಳೆದ ಮೇಲೆ. ಹಾಗಾಗಿ ಟೀಚರಿಗೆ ದನಿ ಎಂಬುದು ಬೆಳೆಯಲೇ ಇಲ್ಲ.

ಕೈಹಿಡಿದ ಗಂಡ ಮಾತ್ರ ಬಸ್ ಕಂಡಕ್ಟರ್. ಅವರು ಮನೆಯೊಳಗೆ ಕುಡಿಯಲು ನೀರು ಕೇಳಿದರೆ ಆಚೆ ಬೀದಿಯವರು ಲೋಟ ಹಿಡಿದು ಬರಬೇಕು, ಅಂಥ ಗಂಟಲು.

ಟೀಚರ್ ತರಗತಿಯಲ್ಲಿ ಸದಾ ಗಲಾಟೆ. ಅವರು ಬೋರ್ಡಿನ ಕಡೆ ತಿರುಗುವುದೇ ತಡ, ಹಿಂದಿನ ಬೆಂಚುಗಳಿಂದ ಗುಸುಗುಸು ಎದ್ದು ಗಿಜಿಗಿಜಿಯಾಗಿ ಕೊನೆಗೆ ಸಂತೆಯೇ ಆಗುತ್ತಿತ್ತು. ಪಕ್ಕದ ಕೋಣೆಯವರು ದೂರು ಕೊಟ್ಟರು. ಹೆಡ್‌ಮಾಸ್ಟರ್ ಕಿವಿಗೆ ಇದು ಬಿದ್ದಾಗ ಅವರ ಮುಖ ಅರಳಿತು. ಅವರಿಗೆ ಯಂತ್ರಗಳೆಂದರೆ ಪ್ರಾಣ. ತೊಂದರೆ ಯಾವುದೇ ಇರಲಿ, ಅದಕ್ಕೊಂದು ಯಂತ್ರ ಎಲ್ಲೋ ಹುಟ್ಟಿ ತಮ್ಮ ದಾರಿ ಕಾಯುತ್ತಿದೆ ಎಂದು ನಂಬಿದ್ದವರು.

"ನೀವೇನೂ ಯೋಚನೆ ಮಾಡ್ಬೇಡಿ ಮೇಡಂ, ನಾನಿದ್ದೀನಿ," ಎಂದರು.

ಮೊದಲು ಬಂದದ್ದು ಗದ್ದಲ ಅಳೆಯುವ ಡಬ್ಬ. ಕೋಣೆಯಲ್ಲಿ ಸದ್ದು ಹೆಚ್ಚಾದರೆ ಅದು ಜೋರಾಗಿ ಸಿಳ್ಳೆ ಹಾಕಬೇಕು. ಹಾಕಿತು. ಮಕ್ಕಳು ಬೆಚ್ಚಿ ಸುಮ್ಮನಾದರು. ಆದರೆ ಡಬ್ಬ ತನ್ನ ಸಿಳ್ಳೆಯನ್ನು ತಾನೇ ಕೇಳಿಸಿಕೊಂಡು, ಇಷ್ಟು ಗದ್ದಲವೇ ಎಂದು ಮತ್ತೆ ಸಿಳ್ಳೆ ಹಾಕಿತು. ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ಗೊಂಬೆಗಳ ಹಾಗೆ ಕೂತಿದ್ದರೂ ಅದು ತನ್ನನ್ನು ತಾನೇ ಗದರಿಸಿಕೊಳ್ಳುತ್ತ ಹೋಯಿತು. ಅದನ್ನು ಆರಿಸುವ ಗುಂಡಿ ಯಾವುದೆಂದು ಹೆಡ್‌ಮಾಸ್ಟರಿಗೂ ಗೊತ್ತಿರಲಿಲ್ಲ. ಕೊನೆಗೆ ಜವಾನ ಅದನ್ನು ಗೋಣಿಚೀಲದಲ್ಲಿ ಸುತ್ತಿ ನೀರಿನ ತೊಟ್ಟಿಯ ಹಿಂದೆ ಇಟ್ಟು ಬಂದ. ಬ್ಯಾಟರಿ ಮುಗಿಯುವವರೆಗೂ ಅದು ಅಲ್ಲೇ ಕೊರಗಿತು.

ಎರಡನೆಯದು ಮಾತು ಬರೆಯುವ ಯಂತ್ರ. ಟೀಚರ್ ಆಡಿದ ಮಾತು ಬೋರ್ಡಿನ ಮೇಲ್ಗಡೆ ತೂಗುಹಾಕಿದ ಪರದೆಯಲ್ಲಿ ಅಕ್ಷರವಾಗಿ ಮೂಡುತ್ತದೆ, ಮಕ್ಕಳು ಓದಿಕೊಂಡರಾಯಿತು. ಆ ಬೆಳಿಗ್ಗೆ ಭಿನ್ನರಾಶಿಯ ಪಾಠ. ಟೀಚರ್ ಪರದೆಗೆ ಬೆನ್ನು ಹಾಕಿ, ಅಭ್ಯಾಸಬಲದಿಂದ ಪಿಸುದನಿಯಲ್ಲಿ ಶುರುಮಾಡಿದರು. ಕೋಣೆ ಗಪ್‌ಚುಪ್. ಎಲ್ಲ ಕಣ್ಣುಗಳೂ ತಮ್ಮ ಕಡೆಗೇ! ಇಷ್ಟು ವರ್ಷದ ನೌಕರಿಯಲ್ಲಿ ಇಂಥದ್ದನ್ನು ಅವರು ಕಂಡಿರಲಿಲ್ಲ. ಕಣ್ಣುಗಳು ತಮ್ಮ ತಲೆಗಿಂತ ಒಂದು ಮೊಳ ಮೇಲೆ ನೆಟ್ಟಿವೆ ಎಂದು ಅವರಿಗೆ ಹೊಳೆಯಲಿಲ್ಲ. ಆ ವಾರವೆಲ್ಲ ಅವರು ಹೂವಿನಂತೆ ಹಗುರಾಗಿ ಮನೆಗೆ ಹೋದರು.

ಪರೀಕ್ಷೆಯ ಉತ್ತರಗಳನ್ನು ತಿದ್ದಲು ಕೂತಾಗ ಪೆನ್ನು ಕೈಯಲ್ಲೇ ನಿಂತಿತು. ಭಿನ್ನರಾಶಿ ಎಂದರೇನು ಎಂಬ ಪ್ರಶ್ನೆಗೆ ಮಕ್ಕಳೆಲ್ಲ ಒಂದೇ ಉತ್ತರ ಬರೆದಿದ್ದರು: "ಹಂಸ ಮೇಲೆ, ಚೇಳು ಕೆಳಗೆ. ನಡುವೆ ಒಂದು ಗೆರೆ." ಕೆಲವರು ಚಿತ್ರವನ್ನೂ ಬಿಡಿಸಿದ್ದರು. ಗೆರೆಯ ಮೇಲೆ ಕತ್ತು ಬಾಗಿಸಿದ ಹಂಸ, ಕೆಳಗೆ ಕೊಂಡಿ ಎತ್ತಿದ ಚೇಳು.

ಮರುದಿನ ಟೀಚರ್ ಮಕ್ಕಳನ್ನು ಕೇಳಿದರು. ಕಿಟಕಿ ಪಕ್ಕದ ಹುಡುಗಿ ಎದ್ದು ನಿಂತಳು. ಅವಳಿಗೆ ಒಂದು ಕಿವಿ ಮಂದ.

"ನೀವೇ ಹೇಳಿದ್ದಲ್ವಾ ಮಿಸ್? ಮೇಲೆ ಹಾಗೇ ಬಂತು."

"ನಾನು ಹೇಳಿದ್ದು ಅಂಶ ಮೇಲೆ, ಛೇದ ಕೆಳಗೆ ಅಂತ," ಎಂದರು ಟೀಚರ್.

ಅವರ ಬೆನ್ನ ಹಿಂದೆ ಪರದೆ "ನಾನು ಹೇಳಿದ್ದು ಹಂಸ ಮೇಲೆ, ಚೇಳು ಕೆಳಗೆ ಅಂತ" ಎಂದು ಬರೆಯಿತು. ಮಕ್ಕಳು ಹೌದೆಂದು ತಲೆಯಾಡಿಸಿದರು. ಟೀಚರ್ ಅಂದು ಮೊದಲ ಸಲ ಹಿಂತಿರುಗಿ ತಲೆಯೆತ್ತಿ ನೋಡಿದರು.

"ಈ ಯಂತ್ರ ಬರೋಕೆ ಮುಂಚೆ ಏನು ಮಾಡ್ತಿದ್ರಿ?"

"ಕೇಳಿಸ್ತಿರಲಿಲ್ಲ ಮಿಸ್. ಅದಕ್ಕೇ ಒಬ್ರನ್ನೊಬ್ರು ಕೇಳ್ತಿದ್ವಿ, ಮಿಸ್ ಏನಂದ್ರು, ಮಿಸ್ ಏನಂದ್ರು ಅಂತ."

ಸಂಜೆ ಕಂಡಕ್ಟರ್ ಆ ಉತ್ತರಗಳನ್ನು ಓದಿ ನಕ್ಕ ನಗುವಿಗೆ ಗೋಡೆಯ ಕ್ಯಾಲೆಂಡರ್ ಕಳಚಿ ಬಿತ್ತು. ಆಮೇಲೆ ಹೆಂಡತಿಯ ಮುಖ ನೋಡಿ ನಗು ನುಂಗಿಕೊಂಡರು.

"ಅಲ್ಲ ಕಣೇ, ಲೆಕ್ಕ ಸರಿ ಮಾಡಿದ್ದಾರಾ ಇಲ್ವಾ?"

"ಮಾಡಿದ್ದಾರೆ. ಎಲ್ಲರದ್ದೂ ಸರಿ ಇದೆ."

"ಮತ್ತಿನ್ನೇನು?"

"ಅವರು ಕೇಳಿಸಿಕೊಂಡದ್ದು ನನ್ನ ಮಾತಲ್ಲವಲ್ಲ, ರೀ."

ಕಂಡಕ್ಟರ್ ಬಿದ್ದ ಕ್ಯಾಲೆಂಡರನ್ನು ಎತ್ತಿ ಸದ್ದಾಗದಂತೆ ಮೊಳೆಗೆ ಸಿಕ್ಕಿಸಿದರು. ಅದು ಆ ಮನೆಯಲ್ಲಿ ಅಪರೂಪ.

ತಪ್ಪನ್ನು ತಿದ್ದಿಸುವಷ್ಟರಲ್ಲಿ ಇನ್‌ಸ್ಪೆಕ್ಟರ್ ಸಾಹೇಬರು ಭೇಟಿಗೆ ಬಂದುಬಿಟ್ಟರು. ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸುವುದು ಹೇಗೆಂದು ಕೇಳಿದರು. ಕಿಟಕಿ ಪಕ್ಕದ ಹುಡುಗಿ ಗಂಭೀರವಾಗಿ ವಿವರಿಸಿದಳು: "ಚೇಳುಗಳು ಬೇರೆ ಬೇರೆ ಇದ್ರೆ ಹಂಸಗಳನ್ನ ಹತ್ರ ಬಿಡೋ ಹಾಗಿಲ್ಲ ಸಾರ್, ಕುಟುಕಿಬಿಡ್ತವೆ. ಮೊದಲು ಎರಡೂ ಕಡೆ ಒಂದೇ ಜಾತಿ ಚೇಳು ಮಾಡ್ಕೋಬೇಕು. ಆರು ಕಾಲಿಂದು. ಆಮೇಲೆ ಈ ಕಡೆ ಮೂರು ಹಂಸ, ಆ ಕಡೆ ಎರಡು ಹಂಸ, ಒಟ್ಟು ಐದು. ಚೇಳನ್ನ ಮಾತ್ರ ಕೂಡಿಸಬಾರದು ಸಾರ್. ಅದು ಕೆಳಗೆ ಹಾಗೇ ಇರುತ್ತೆ."

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಹೋದಲ್ಲೆಲ್ಲ ಮಕ್ಕಳು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ ಅವರಿಗೆ ಸಾಕುಸಾಕು ಮಾಡಿದ್ದರು. "ಅದ್ಭುತ!" ಎಂದರು. ಹೆಡ್‌ಮಾಸ್ಟರ್ ತಡಮಾಡದೆ, "ಎಲ್ಲ ನಮ್ಮ ಯಂತ್ರದ ಮಹಿಮೆ ಸಾರ್," ಎಂದರು. ಟೀಚರ್ ನಿಜ ಸಂಗತಿ ಏನೆಂದು ಹೇಳಿದರು. ಯಾರಿಗೂ ಕೇಳಿಸಲಿಲ್ಲ.

ಸಾಹೇಬರ ಅಪ್ಪಣೆಯಂತೆ ಸುತ್ತಮುತ್ತಲ ಶಾಲೆಗಳಿಗೆಲ್ಲ ಆ ಯಂತ್ರ ಹೋಯಿತು. ಹಿಂದೆಯೇ ದೂರುಗಳು ಬಂದವು: "ನಮ್ಮ ಯಂತ್ರ ಕೆಟ್ಟಿದೆ. ಒಂದು ಹಂಸವೂ ಬರುತ್ತಿಲ್ಲ. ಬರೀ ಅಂಶ, ಅಂಶ ಎಂದು ಬರೆಯುತ್ತದೆ." ರಿಪೇರಿಯವನು ಅಷ್ಟೂ ಯಂತ್ರಗಳನ್ನು ಬಿಚ್ಚಿ ನೋಡಿ, ಕೊನೆಗೆ ಪಿಸು ಟೀಚರ್ ಪಾಠವನ್ನು ಕೂತು ಕೇಳಿ, ದೋಷ ಕಂಡುಹಿಡಿದ. ಬೇರೆ ಶಾಲೆಗಳ ಮೇಷ್ಟ್ರುಗಳು ಗಟ್ಟಿಯಾಗಿ, ಸ್ಪಷ್ಟವಾಗಿ ಮಾತಾಡುತ್ತಿದ್ದರು. ಅದೇ ತಪ್ಪು.

ಹೀಗೆ ಪಿಸುಮಾತಿನ ತರಬೇತಿ ಏರ್ಪಾಡಾಯಿತು. ದೊಡ್ಡ ಸಭಾಂಗಣ. ಜೀವಮಾನವಿಡೀ ಗದರಿಸಿ ಗಂಟಲು ಪಳಗಿಸಿಕೊಂಡಿದ್ದ ಮೇಷ್ಟ್ರುಗಳು ಕತ್ತಿನ ನರ ಉಬ್ಬಿಸಿಕೊಂಡು ಪಿಸುಗುಡಲು ಹೆಣಗುತ್ತಿದ್ದರು. ವೇದಿಕೆಯ ಮೇಲೆ ಯಂತ್ರ, ಅದರ ಮುಂದೆ ಟೀಚರ್. ಹೆಂಡತಿಯ ಭಾಷಣ ಕೇಳಲು ಕಂಡಕ್ಟರ್ ರಜೆ ಹಾಕಿ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು.

ಟೀಚರ್ ಇವತ್ತಾದರೂ ನಿಜ ಹೇಳಿಬಿಡಬೇಕೆಂದು ಬಂದಿದ್ದರು. "ನನಗೆ ಗಂಟಲಿಲ್ಲ. ಅಷ್ಟೇ ಆದದ್ದು," ಎಂದರು.

ಪರದೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಮೂಡಿತು: "ನನಗೆ ಗಂಡನಿಲ್ಲ. ಕಷ್ಟವೇ ಆದದ್ದು."

ಸಭಾಂಗಣದ ತುಂಬ "ಅಯ್ಯೋ ಪಾಪ" ಹರಿದಾಡಿತು. ಮುಂದಿನ ಸಾಲಿನ ಹಿರಿಯ ಟೀಚರೊಬ್ಬರು ಸೆರಗು ಕಣ್ಣಿಗೆ ಒತ್ತಿಕೊಂಡರು. ಕಂಡಕ್ಟರ್ ಕುರ್ಚಿ ಉರುಳಿಸಿ ಎದ್ದರು.

"ಇದ್ದೀನಿ ಕಣ್ರೀ! ಇಲ್ಲೇ ಇದ್ದೀನಿ ನಾನು!"

ಆ ಮಾತನ್ನು ಯಂತ್ರ ಒಂದಕ್ಷರ ತಪ್ಪದೆ ಬರೆಯಿತು.

ಟೀಚರಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕಣ್ಣೊರೆಸಿಕೊಂಡು, ಯಂತ್ರದ ತಂತಿ ಕಿತ್ತು, ಎಲ್ಲರನ್ನೂ ಹತ್ತಿರ ಬರುವಂತೆ ಕೈಬೀಸಿ ಕರೆದರು. ಎಲ್ಲರೂ ಕುರ್ಚಿಗಳನ್ನು ದರದರ ಎಳೆದುಕೊಂಡು ಬಂದರು. ಸುತ್ತ ಕೂತವರಿಗೆ ಟೀಚರ್ ನಡೆದದ್ದನ್ನೆಲ್ಲ ಹೇಳಿದರು. "ಗಲಾಟೆಗೆ ಯಂತ್ರ ಹುಡುಕಿದ್ವಿ. ಮಕ್ಕಳು ಯಾಕೆ ಗಲಾಟೆ ಮಾಡ್ತಾರೆ ಅಂತ ನಾನೂ ಕೇಳಿರಲಿಲ್ಲ, ಹೆಡ್‌ಮಾಸ್ಟರೂ ಕೇಳಿರಲಿಲ್ಲ. ನಿಮ್ಮ ಮಕ್ಕಳಿಗೆ ಏನು ತೊಂದರೆಯೋ ನನಗೆ ಗೊತ್ತಿಲ್ಲ. ಅವರನ್ನೇ ಕೇಳಿ."

ಗುಂಪಿನಲ್ಲಿ ಕೂತಿದ್ದ ಇನ್‌ಸ್ಪೆಕ್ಟರ್ ಸಾಹೇಬರು ಕನ್ನಡಕ ಒರೆಸಿಕೊಳ್ಳುತ್ತ, "ಹಂಸ ಮಾತ್ರ ಚೆನ್ನಾಗಿತ್ತು," ಎಂದರು.

ಶಾಲೆಗೆ ಮರಳಿದ ಟೀಚರ್ ಮಕ್ಕಳನ್ನೇ ಕೇಳಿದರು, ಯಾವುದು ಬೇಕೆಂದು. ಚರ್ಚೆ ಜೋರಾಗಿಯೇ ನಡೆಯಿತು. ಪರದೆಯನ್ನು ಕೆಳಗಿಳಿಸಿ ಕಿಟಕಿ ಪಕ್ಕದ ಹುಡುಗಿಯ ಬೆಂಚಿನ ಎದುರು ಇಡಿಸಿದರು, ಅದು ಅವಳಿಗೆ ನಿಜವಾಗಿಯೂ ಬೇಕಿತ್ತು. ಉಳಿದವರು ಕೇಳಿದ್ದು ಕೊರಳಿಗೆ ಸಿಕ್ಕಿಸಿಕೊಳ್ಳುವ ಒಂದು ಚಿಕ್ಕ ಮೈಕು. ಅದಿದ್ದರೆ ಪರದೆಯೂ ತಪ್ಪು ಬರೆಯುವುದಿಲ್ಲ. ಇಷ್ಟು ಸಣ್ಣದ್ದೇ ಎಂದು ಹೆಡ್‌ಮಾಸ್ಟರ್ ಮುಖ ಬಾಡಿತು, ಆದರೂ ತರಿಸಿಕೊಟ್ಟರು.

ಮೈಕು ಹಾಕಿಕೊಂಡ ಮೊದಲ ದಿನ ಟೀಚರ್ ಬೋರ್ಡಿನ ಮೇಲೆ ಒಂದು ಎಂದು ಬರೆದು, ಅದರ ಪಕ್ಕ ಸೊನ್ನೆ ಸುತ್ತುತ್ತ ಎಂದಿನಂತೆ ತಮ್ಮಷ್ಟಕ್ಕೆ ಹೇಳಿಕೊಂಡರು: "ಪಾಪ, ಒಂದು ಒಂಟಿಯಾಗಿ ನಿಂತಿದೆ. ಬಾರಪ್ಪ ಸೊನ್ನೆ, ಪಕ್ಕದಲ್ಲಿ ಕೂತ್ಕೋ. ನಿಂಗೂ ಬೆಲೆ, ಅದಕ್ಕೂ ಬೆಲೆ."

ಇಡೀ ತರಗತಿ ಗೊಳ್ಳೆಂದು ನಕ್ಕಿತು. ಟೀಚರ್ ಬೆಚ್ಚಿಬಿದ್ದು ತಿರುಗಿ, ಹೊರಗೇನಾಯಿತೋ ಎಂದು ಕಿಟಕಿಯಿಂದ ಇಣುಕಿ ನೋಡಿದರು. ಹೊರಗೆ ಏನೂ ಆಗಿರಲಿಲ್ಲ. ನೌಕರಿಗೆ ಸೇರಿದಂದಿನಿಂದ ಅವರು ದಿನವೂ ಬೋರ್ಡಿಗೆ ಇಂಥ ತಮಾಷೆಗಳನ್ನು ಹೇಳುತ್ತಲೇ ಬಂದಿದ್ದರು.

"ಇನ್ನೊಂದು ಹೇಳಿ ಮಿಸ್," ಎಂದಿತು ಹಿಂದಿನ ಬೆಂಚು.