ಆಲ್ಪ್ಸ್‌ಗಾಗಿ ಕಲಿತ ಸೈಕಲ್

ನಾನು ಸೈಕಲ್ ಹೊಡೆಯಲು ಕಲಿತದ್ದು ಮಗಳು ಹೈಸ್ಕೂಲಿಗೆ ಬಂದ ಮೇಲೆ. ಕಲಿಸಿದವಳೂ ಅವಳೇ. ಮದುವೆಯಾಗಿ ಮಕ್ಕಳಿರುವ ಹೆಂಗಸು ಚೂಡಿದಾರ ಹಾಕಿಕೊಂಡು ಸೈಕಲ್ ಕಲಿಯಲು ಹೊರಟರೆ ಯಾವ ಊರಿನವರಾದರೂ ನಗುತ್ತಾರೆ. ನಮ್ಮ ಹಳಿಯಾಳದಲ್ಲಿ ನಿಂತು ನಗುತ್ತಾರೆ, ಅಷ್ಟೇ ವ್ಯತ್ಯಾಸ. ನಕ್ಕವರ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ. ಸಿಟ್ಟಿರುವುದು ನಗದೇ ಇದ್ದವರ ಮೇಲೆ, ಮತ್ತು ಅವರೆಲ್ಲ ನಮ್ಮ ಮನೆಯವರೇ.

ನಮ್ಮದು ಪಂಪ್‌ಸೆಟ್, ಪೈಪು, ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ನನ್ನ ಗಂಡ ಮತ್ತು ಮೈದುನ ಕೂಡಿ ನಡೆಸುತ್ತಾರೆ. ಹೆಚ್ಚು ಮಾಲು ಮಾರಿದ ಅಂಗಡಿಯವರನ್ನು ಕಂಪನಿಯವರು ಫಾರಿನ್ ಟೂರಿಗೆ ಕರೆದುಕೊಂಡು ಹೋಗುವ ಪದ್ಧತಿ ಈ ವ್ಯಾಪಾರದಲ್ಲಿದೆ. ಹೆಂಡಂದಿರಿಗೆ ಆ ಟೂರಿನಲ್ಲಿ ಜಾಗವಿಲ್ಲ. ಹೋಗಿಬಂದವರು ಚಾಕಲೇಟು, ಸೆಂಟು ತರುತ್ತಾರೆ, ನಾವು ತಿಂದು, ಬಳಿದುಕೊಂಡು ಸುಮ್ಮನಾಗುತ್ತೇವೆ. ಆದರೆ ಅಣ್ಣತಮ್ಮಂದಿರು ಸ್ವಿಟ್ಜರ್ಲೆಂಡಿಗೆ ಹೋಗಿಬಂದ ಸಲ ಹಾಗಾಗಲಿಲ್ಲ. ಬಸ್ಸಿನ ಕಿಟಕಿಯಿಂದ ಅವರು ಒಂದು ಸಂಸಾರವನ್ನು ನೋಡಿದ್ದರಂತೆ. ಅಪ್ಪ, ಅಮ್ಮ, ಇಬ್ಬರು ಮಕ್ಕಳು, ಎಲ್ಲರ ತಲೆಗೂ ಹೆಲ್ಮೆಟ್ಟು, ಎಲ್ಲರೂ ಸೈಕಲ್ ಮೇಲೆ ಗುಡ್ಡದ ಮಣ್ಣುದಾರಿ ಹತ್ತುತ್ತಿದ್ದರಂತೆ. ಚಿಕ್ಕವನ ಸೈಕಲ್ಲಿಗೆ ಹಗ್ಗ ಕಟ್ಟಿ ಅಪ್ಪ ಎಳೆಯುತ್ತಿದ್ದನಂತೆ. ನನ್ನ ಗಂಡ ಈ ಚಿತ್ರವನ್ನು ಊಟಕ್ಕೆ ಕೂತಾಗಲೆಲ್ಲ ಹೇಳಿದ್ದೇ ಹೇಳಿದ್ದು. ಪ್ರತಿ ಸಲವೂ ಅದರಲ್ಲಿ ಅಮ್ಮ ಇದ್ದಳು. ಅದನ್ನು ನಾನು ಚೆನ್ನಾಗಿ ಕೇಳಿಸಿಕೊಂಡಿದ್ದೇನೆ.

ಮುಂದಿನ ಬೇಸಿಗೆ ರಜೆ ಮುಗಿಯುವುದರೊಳಗೆ ಎಲ್ಲರೂ ಕೂಡಿ ಆಲ್ಪ್ಸ್ ಪರ್ವತಕ್ಕೆ ಹೋಗಿ ಸೈಕಲ್ ಹೊಡೆಯುವುದು ಎಂದು ಮನೆಯಲ್ಲಿ ತೀರ್ಮಾನವಾಯಿತು. ಎಲ್ಲರೂ ಎಂದರೆ ನಾವಿಬ್ಬರು, ನಮ್ಮ ಮಗಳು, ಮಗ. ಮೈದುನ, ಅವನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ಅವರ ಪುಟ್ಟ ಮಗಳು. ಹಾಗೆಂದು ನಾನು ತಿಳಿದಿದ್ದೆ.

ಇಲ್ಲಿ ನಮ್ಮ ಮನೆಯದೊಂದು ರಿವಾಜು ಹೇಳಬೇಕು. ನಮ್ಮ ದೇವರ ಕೋಣೆಯಲ್ಲಿ ಗಂಡನ ಮುತ್ತಜ್ಜಿ ಹಚ್ಚಿದ ನಂದಾದೀಪವಿದೆ. ಅದು ಆರಬಾರದು, ಮತ್ತು ಅದು ಉರಿಯುವ ಮನೆಯ ತಲಬಾಗಿಲಿಗೆ ಕೀಲಿ ಬೀಳಬಾರದು. ಹತ್ತಿರದವರ ಮದುವೆಗೂ ನಾವು ಅರ್ಧರ್ಧ ಜನ ಹೋಗುವವರು. ಅತ್ತೆ ತೀರಿಹೋಗುವ ಮುಂಚೆ ದೀಪದ ಎಣ್ಣೆಯ ಗಿಂಡಿಯನ್ನು ಎಲ್ಲರೆದುರು ನನ್ನ ಕೈಗೆ ಕೊಟ್ಟರು. ಆಗ ನನಗೆ ಎಂಥ ಹೆಮ್ಮೆ! ಹಿರಿಯ ಸೊಸೆಯ ಮಾನ ಅದು. ನೆಗೆಣ್ಣಿಯ ಮುಖ ಸಣ್ಣಗಾದದ್ದನ್ನು ಓರೆಗಣ್ಣಿನಲ್ಲಿ ನೋಡಿ ಖುಷಿಪಟ್ಟಿದ್ದೆ ಕೂಡ.

ದೀಪಕ್ಕೆ ದಾರಿಯನ್ನು ನಾನೇ ಹುಡುಕಿದ್ದೆ. ಮುಂಡಗೋಡದಲ್ಲಿ ನನ್ನ ಗಂಡನ ಸೋದರತ್ತೆ ಇದ್ದಾರೆ, ಗಟ್ಟಿಮುಟ್ಟಾಗಿದ್ದಾರೆ, ಹುಟ್ಟಿದ ಮನೆ ಎಂದರೆ ಕುಣಿಯುತ್ತ ಬರುವವರು. ಅವರನ್ನು ಕರೆಸಿಕೊಳ್ಳೋಣ ಎಂದೆ. ಹೇಳುತ್ತೇನೆ ಬಿಡು ಎಂದರು ಇವರು. ಅವರ ಕಡೆಯ ಸಂಬಂಧ, ಅವರೇ ಹೇಳುವುದು ಚೆಂದ ಎಂದು ನಾನೂ ಬಿಟ್ಟೆ.

ಆಮೇಲೆ ತಯಾರಿ ಶುರುವಾಯಿತು. ದಾಂಡೇಲಿಯ ಸೈಕಲ್ ಮೇಸ್ತ್ರಿ ಗೇರಿನ ಸೈಕಲ್‌ಗಳನ್ನು ತರಿಸಿಕೊಟ್ಟು, ನನ್ನ ಸೀಟನ್ನು ಮಾತ್ರ ಕಾಲು ನೆಲಕ್ಕೆ ತಾಗುವಷ್ಟು ಇಳಿಸಿದ. ಮೈದುನ ಮೊಬೈಲಿನಲ್ಲಿ ಆಲ್ಪ್ಸ್‌ನ ದಾರಿಗಳನ್ನು ತೆರೆದು ತೋರಿಸುತ್ತಿದ್ದ. ಅಲ್ಲಿ ಸೈಕಲ್ ದಾರಿಗಳಿಗೆ ಬಣ್ಣ ಕೊಟ್ಟಿರುತ್ತಾರೆ, ನೀಲಿ ಎಂದರೆ ಮಕ್ಕಳಿಗೆ, ಕೆಂಪು ಎಂದರೆ ಕಲಿತವರಿಗೆ, ಕಪ್ಪು ಎಂದರೆ ತಲೆಕೆಟ್ಟವರಿಗೆ. ನಾವು ನೀಲಿಯವರು. ಹತ್ತಲಾಗದವರಿಗೆ ತಂತಿಯ ಮೇಲಿನ ತೊಟ್ಟಿಲು ಗಾಡಿ, ಅದರಲ್ಲಿ ಸೈಕಲ್ಲನ್ನೂ ಹೇರಬಹುದು. ಉಳಿಯಲು ಅಡುಗೆಮನೆ ಇರುವ ಬಾಡಿಗೆ ಮನೆ ಹುಡುಕಲು ಹೇಳಿದವಳು ನಾನು. ಅಲ್ಲಿಯ ಚೀಸು, ಬ್ರೆಡ್ಡು ಮಕ್ಕಳಿಗೆ ಎರಡೇ ದಿನಕ್ಕೆ ಬೇಸರ ಬರುತ್ತದೆ ಎಂದು ನನಗೆ ಗೊತ್ತು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಎಷ್ಟು ಒಯ್ಯಬೇಕೆಂದು ಲೆಕ್ಕ ಹಾಕಿದವಳೂ ನಾನೇ. ನನ್ನ ಪಾಲನ್ನೂ ಸೇರಿಸಿಯೇ ಹಾಕಿದ್ದೆ.

ಬೆಳಗ್ಗೆ ಬೇಗ ಎದ್ದು ಮಗಳು ನನ್ನನ್ನು ಸಾಗವಾನಿ ಪ್ಲಾಂಟೇಶನ್ ಪಕ್ಕದ ಚಕ್ಕಡಿ ದಾರಿಗೆ ಕರೆದುಕೊಂಡು ಹೋಗುತ್ತಿದ್ದಳು. ಕ್ಯಾರಿಯರ್ ಇಲ್ಲದ ಸೈಕಲ್, ಹಿಂದಿನಿಂದ ಸೀಟು ಹಿಡಿದು ಓಡುತ್ತಿದ್ದಳು. ಬಿದ್ದೆ. ಮೊಣಕಾಲು ಸುಲಿಯಿತು, ಅಂಗೈ ಸುಲಿಯಿತು, ಒಂದು ಸಲ ಕಬ್ಬಿನ ಗದ್ದೆಯ ಕಾಲುವೆಗೇ ಇಳಿದೆ. ಕೆಳಗೆ ನೋಡಬೇಡ, ಚಕ್ರ ತಾನೇ ಬರುತ್ತದೆ, ನೀನು ದೂರ ನೋಡು ಎಂದು ಅವಳು ಕೂಗುತ್ತಿದ್ದಳು. ನಾನು ಎದ್ದು ಮತ್ತೆ ಹತ್ತುತ್ತಿದ್ದೆ. ಒಂದು ದಿನ ಹಿಂದಿನಿಂದ ಅವಳ ಹೆಜ್ಜೆ ಸದ್ದು ಕೇಳಿಸಲಿಲ್ಲ. ಬಹಳ ಹಿಂದೆ ನಿಂತುಬಿಟ್ಟಿದ್ದಳು. ನಾನು ತಿರುಗಿ ಬಂದು ಇಳಿದಾಗ ನನ್ನ ಬೆವರು ಒರೆಸಿ, "ಚಲೋ ಹೊಡೀತಿ ಮಮ್ಮಿ" ಎಂದಳು. ಇಷ್ಟು ವರ್ಷದಲ್ಲಿ ನನಗೆ ಯಾರೂ ಯಾವುದಕ್ಕೂ ಹಾಗೆ ಹೇಳಿರಲಿಲ್ಲ. ರೊಟ್ಟಿ ಚಲೋ ಆಗ್ಯಾವ ಎಂದು ರೊಟ್ಟಿಗೆ ಹೇಳುತ್ತಾರೆ, ನನಗಲ್ಲ.

ಮಳೆ ನಿಂತು ದಾರಿ ಒಣಗಿದ ಮೇಲೆ ಒಂದು ಭಾನುವಾರ ಅಣಶಿ ಘಾಟ್ ಹತ್ತುವ ಪರೀಕ್ಷೆ ಇಟ್ಟುಕೊಂಡೆವು. ದೀಪಕ್ಕೆ ಅವತ್ತು ಮಗಳು ಉಳಿದಳು, ನೆಗೆಣ್ಣಿಯ ಪುಟ್ಟ ಮಗಳನ್ನೂ ಅವಳ ಹತ್ತಿರವೇ ಬಿಟ್ಟೆವು. ಅಂಗಡಿಯ ಪಿಕಪ್‌ನಲ್ಲಿ ಸೈಕಲ್ ಹೇರಿಕೊಂಡು, ಜೊಯಿಡಾದಲ್ಲಿ ತಿಂಡಿ ತಿಂದು, ಘಾಟಿನ ಬುಡದವರೆಗೆ ಇಳಿದು, ಅಲ್ಲಿಂದ ಮೇಲಕ್ಕೆ ಹೊಡೆಯುವುದು. ಇದನ್ನು ಹತ್ತಿದವರು ಆಲ್ಪ್ಸ್ ಹತ್ತುತ್ತಾರೆ ಎಂದು ಮೈದುನ ಸಾರಿದ. ನೆಗೆಣ್ಣಿ ಎರಡನೇ ತಿರುವಿಗೇ ಸೈಕಲ್ಲನ್ನು ಪಿಕಪ್ಪಿಗೆ ಹಾಕಿ ಮುಂದೆ ಕೂತಳು. ಮಗ ಅರ್ಧಕ್ಕೆ ಕೂತ. ನಾನು ಕೂರಲಿಲ್ಲ. ತಿರುವು ತಿರುವಿಗೂ ಇಳಿದು ನೀರು ಕುಡಿದೆ, ತಳ್ಳಿಕೊಂಡು ನಡೆದದ್ದೂ ಉಂಟು, ಆದರೆ ಗಾಡಿಗೆ ಕೈ ತೋರಿಸಲಿಲ್ಲ. ಮೇಲೆ ಇವರು ಕಲ್ಲಿನ ಕಟ್ಟೆಯ ಮೇಲೆ ಕೂತಿದ್ದರು. ನಾನು ಕೊನೆಯ ತಿರುವಿನಲ್ಲಿ ಕಂಡ ಕೂಡಲೇ ಎದ್ದು ನಿಂತರು. ಮುಖ ನೋಡಿದೆ. ಏನೂ ಹೇಳಲು ತೋಚದೆ ನಿಂತಿದ್ದರು. ಹೆಂಡತಿ ಇಷ್ಟು ಮಾಡಿದಳಲ್ಲ ಎಂದು ಮಾತು ನಿಂತಿರಬೇಕು ಎಂದುಕೊಂಡೆ. ಆ ಮುಖವನ್ನು ಎಷ್ಟೋ ದಿನ ರೊಟ್ಟಿ ಬಡಿಯುವಾಗ ನೆನೆಸಿಕೊಂಡು ಒಬ್ಬಳೇ ನಗುತ್ತಿದ್ದೆ.

ವೀಸಾಕ್ಕೆ ಬೆರಳಚ್ಚು ಕೊಡಲು ಅವರೆಲ್ಲ ಬೆಂಗಳೂರಿಗೆ ಹೋದಾಗ ನನ್ನದು ಎರಡನೇ ಸರತಿ ಎಂದರು. ನನ್ನ ಪಾಸ್‌ಪೋರ್ಟ್ ಎಲ್ಲರಿಗಿಂತ ತಡವಾಗಿ ಬಂದಿತ್ತು, ಹಾಗಾಗಿ ನಂಬಿದೆ. ಹೇಗೂ ದೀಪಕ್ಕೆ ಒಬ್ಬರು ಬೇಕಿತ್ತು. ಅರ್ಧರ್ಧ ಹೋಗಿಬರುವುದು ನಮ್ಮ ಮನೆಯಲ್ಲಿ ಯಾರಿಗೂ ವಿಚಿತ್ರವಲ್ಲ. ಬೇರೆ ಮನೆಯ ಹೆಂಗಸಾಗಿದ್ದರೆ ಅವತ್ತೇ ಕೇಳುತ್ತಿದ್ದಳೇನೋ.

ಗುಟ್ಟು ಬಿಚ್ಚಿದವರು ಬಾಜೂ ಮನೆಯ ಕಾಕು. ಒಂಟಿ ಜೀವ, ನನ್ನ ತಾಯಿಯ ವಯಸ್ಸು. ನಮ್ಮ ಕಡೆ ಹೆಂಗಸೊಬ್ಬಳೇ ಮನೆಯಲ್ಲಿದ್ದರೆ ಓಣಿಯ ಇನ್ನೊಬ್ಬ ಹೆಂಗಸು ಜೊತೆಗೆ ಮಲಗಲು ಬರುತ್ತಾಳೆ. ಮನೆಯ ಗಂಡಸರು ಮುಂಚೆಯೇ ಹೇಳಿಟ್ಟು ಊರಿಗೆ ಹೋಗುತ್ತಾರೆ. ಹೊರಡುವ ದಿನ ಹತ್ತಿರ ಬಂದಿತ್ತು, ನನ್ನ ಬೆರಳಚ್ಚಿನ ಸರತಿ ಇನ್ನೂ ಬಂದಿರಲಿಲ್ಲ. ನಾನು ಅಂಗಳದಲ್ಲಿ ಶೇಂಗಾ ಹಸನು ಮಾಡುತ್ತಿದ್ದೆ. ಕಾಕು ಗೋಡೆಯ ಆಚೆಯಿಂದ ಬಹಳ ಪ್ರೀತಿಯಿಂದಲೇ ಹೇಳಿದರು.

"ನೀ ಏನೂ ಹೆದರಬ್ಯಾಡ ತಂಗಿ. ಅವರೆಲ್ಲಾ ಬರೂತನಕ ನಾನ ಬಂದು ನಿನ್ನ ಜೋಡಿ ಮಲಗ್ತೇನಿ. ನಿನ್ನ ಗಂಡ ಗಣಪತಿ ಹಬ್ಬಕ್ಕಿಂತ ಮೊದಲ ಹೇಳಿಟ್ಟಾನ."

ಗಣಪತಿ ಹಬ್ಬಕ್ಕಿಂತ ಮೊದಲು ನನಗೆ ಸೈಕಲ್ ಏರಲೂ ಬರುತ್ತಿರಲಿಲ್ಲ. ಮೊಣಕಾಲು ಇನ್ನೂ ಸುಲಿದಿರಲಿಲ್ಲ. ಶೇಂಗಾದ ಮೊರವನ್ನು ಕೆಳಗಿಟ್ಟೆ. ಕಾಕುವಿಗೆ ಹೂಂ ಎಂದೆ. ಅವರ ಎದುರು ನನ್ನ ಮಾನ ಕಳೆದುಕೊಳ್ಳಲು ಮನಸ್ಸಾಗಲಿಲ್ಲ.

ಮಧ್ಯಾಹ್ನ ಊಟಕ್ಕೆ ಬಂದ ಗಂಡನಿಗೆ ಬಡಿಸುತ್ತ, ಮುಂಡಗೋಡದ ಅತ್ತೆ ಯಾವತ್ತು ಬರುತ್ತಾರೆ ಎಂದು ಕೇಳಿದೆ. ಅವರು ತಾಟಿನಿಂದ ಕಣ್ಣೆತ್ತಲಿಲ್ಲ. ಇನ್ನೊಂದು ರೊಟ್ಟಿ ಹಾಕದೆ ನಿಂತೇ ಇದ್ದೆ. ಕೊನೆಗೆ, "ದೀಪದ ಮುಂದ ಯಾರನ್ನರ ತಂದ ಕೂಡಸಾಕ ಆಗ್ತೈತೇನ? ನೀ ಇದ್ರ ನನಗ ಚಿಂತಿ ಇರೂದಿಲ್ಲ" ಎಂದರು. ಮುಂಡಗೋಡಕ್ಕೆ ಸುದ್ದಿಯನ್ನೇ ಮುಟ್ಟಿಸಿರಲಿಲ್ಲವಂತೆ. ನನಗೆ ಹೇಳಬೇಕೆಂದೇ ಇದ್ದರಂತೆ, ನಾನು ಅಷ್ಟು ಹುರುಪಿನಲ್ಲಿದ್ದುದನ್ನು ನೋಡಿ ಬಾಯಿ ಬರಲಿಲ್ಲವಂತೆ. ಈಗ ವೀಸಾಕ್ಕೂ ಹೊತ್ತು ಮೀರಿದೆಯಂತೆ. ಮುಂದಿನ ವರ್ಷ ನಾವಿಬ್ಬರೇ ಹೋಗೋಣವಂತೆ. ಈ ಅಂತೆಗಳ ನಡುವೆ ನೆಗೆಣ್ಣಿ ಅಡುಗೆಮನೆಯ ಬಾಗಿಲಿಗೆ ಬಂದು, ತಾನು ಮೊದಲೇ ಹೇಳೋಣ ಎಂದಿದ್ದೆ, ಯಾರೂ ಕೇಳಲಿಲ್ಲ ಎಂದು ಅಳತೊಡಗಿದಳು. ಅವಳನ್ನು ಸಮಾಧಾನ ಮಾಡುವ ಕೆಲಸವೂ ನನಗೇ ಬಂತು. ಮಾಡಿದೆ. ನನ್ನ ಮೇಲೆ ನನಗೇ ಈಗ ಅಸಹ್ಯವಾಗುತ್ತದೆ.

ಗಂಡ ಮೋಸ ಮಾಡಿದ್ದನ್ನು ಹೇಗೋ ನುಂಗಬಹುದಿತ್ತು. ಮಾತು ತಪ್ಪುವ ಗಂಡಂದಿರನ್ನು ಓಣಿ ತುಂಬ ನೋಡಿದ್ದೇನೆ. ನಾನು ಹಿತ್ತಲಿಗೆ ಹೋದೆ. ಮಗಳು ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಸೈಕಲ್ ಚೈನು ಒರೆಸುತ್ತಿದ್ದಳು. ಒರೆಸುತ್ತಿದ್ದದ್ದು ನನ್ನ ಸೈಕಲ್ಲಿನದು. ನಿನಗೆ ಯಾವಾಗ ಗೊತ್ತಾಯಿತು ಎಂದು ಕೇಳಿದೆ. ಏನು ಎಂದು ಅವಳು ಕೇಳಲಿಲ್ಲ.

"ಮೊದಲಿಂದ," ಅಂದಳು.

"ಮತ್ತ ನನಗ ಯಾಕ ಕಲಿಸಿದಿ?"

ಅವಳು ಚೈನಿನ ಅದೇ ಕೊಂಡಿಯನ್ನು ಮತ್ತೆ ಮತ್ತೆ ಒರೆಸಿದಳು. "ಪಪ್ಪಾ ಕಲಿಸು ಅಂದ್ರು. ನಾಕ ಸಲ ಬೀಳ್ತಾಳ, ಆಮ್ಯಾಲ ತಾನ ಬ್ಯಾಡ ಅಂತಾಳ, ನಾವೇನೂ ಹೇಳೂದ ಬೇಕಾಗಿಲ್ಲ ಅಂದ್ರು." ಆಮೇಲೆ ನನ್ನ ಮುಖ ನೋಡದೆ, "ನೀ ಬಿದ್ರೂ ಬಿಡಲಿಲ್ಲ ಮಮ್ಮಿ" ಅಂದಳು.

ಅಣಶಿಯ ಮೇಲೆ ಕಂಡ ಗಂಡನ ಮುಖ ಆಗ ಅರ್ಥವಾಯಿತು. ಅದು ಹೆಮ್ಮೆಯಲ್ಲ. ಇವಳು ಹತ್ತಿಯೇಬಿಟ್ಟಳಲ್ಲ, ಇನ್ನು ಹೇಗೆ ಹೇಳುವುದು ಎಂಬ ದಿಗಿಲು. ನಾನು ಬೀಳಲಿ ಎಂದು ಮನೆಯವರೆಲ್ಲ ಬಾಯಿ ಮುಚ್ಚಿಕೊಂಡು ಕಾಯುತ್ತಿದ್ದರು, ನಾನು ಎದ್ದೆದ್ದು ಹತ್ತುತ್ತಿದ್ದೆ. ಎಂಥ ಮುಗ್ಧೆ ಎನ್ನಿ, ಎಂಥ ಪೆದ್ದಿ ಎನ್ನಿ.

ಹೊರಡುವ ದಿನ ನಾನೇ ಎಲ್ಲರ ಹಣೆಗೆ ವಿಭೂತಿ ಹಚ್ಚಿದೆ. ರೊಟ್ಟಿಯ ಡಬ್ಬಿ ಕಟ್ಟಿಕೊಟ್ಟೆ. ನನ್ನ ಪಾಲಿನ ರೊಟ್ಟಿಯನ್ನು ತೆಗೆದಿಟ್ಟುಕೊಳ್ಳಲಿಲ್ಲ, ಹೋಗಲಿ, ಅವಾದರೂ ಆಲ್ಪ್ಸ್ ನೋಡಲಿ. ಮಗ ಕೊರಳಿಗೆ ಬಿದ್ದು ಅತ್ತ. ಅವನಿಗೆ ಯಾರೂ ಏನೂ ಹೇಳಿರಲಿಲ್ಲ, ಆ ಮನೆಯಲ್ಲಿ ನನ್ನಂತೆ ಇದ್ದವನು ಅವನೊಬ್ಬನೇ. ಮಗಳು ಕಾಲಿಗೆ ನಮಸ್ಕಾರ ಮಾಡಿ ಏಳುವಾಗ ಸ್ವಲ್ಪ ಹೊತ್ತು ನಿಂತಳು. ನಾನು ಏನಾದರೂ ಹೇಳಲಿ ಎಂದಿರಬೇಕು. ಅವಳ ಚೀಲ ಎತ್ತಿ ಕೈಗೆ ಕೊಟ್ಟೆ. ಗಾಡಿ ಗೋವಾದ ವಿಮಾನಕ್ಕೆ ಹೋಯಿತು.

ಸಂಜೆ ಕಾಕು ಕೌದಿ ಸುತ್ತಿಕೊಂಡು ಬಂದರು. ನಾನು ದೀಪಕ್ಕೆ ಎಣ್ಣೆ ಹಾಕುತ್ತಿದ್ದೆ. ದೇವರ ಕೋಣೆಯ ಹೊಸ್ತಿಲಲ್ಲಿ ಕೂತರು. ಇದಕ್ಕಾಗಿ ಉಳಿದೆಯಾ ಎಂದು ಕೇಳಿದರು. ಹೌದು ಎಂದೆ.

"ನಾನೂ ನಿಮ್ಮಂಗ ಲಿಂಗಾ ಕಟ್ಟಿದಾಕಿನ ಅಲ್ಲೇನ? ನನ್ನ ಮಲಗಾಕ ಕರದ್ರು. ಎಣ್ಣಿ ಹಾಕಾಕ ಕರದಿದ್ರ ಬರ್ತಿರಲಿಲ್ಲೇನ ನಾ?"

ಮನೆಯ ಕಾವಲಿಗೆ ಆಗುವ ಹೆಂಗಸು ದೀಪಕ್ಕೆ ಆಗುವುದಿಲ್ಲವೇ? ಈ ಪ್ರಶ್ನೆ ಇಷ್ಟು ತಿಂಗಳಲ್ಲಿ ನಮ್ಮ ಮನೆಯ ಒಬ್ಬರಿಗೂ ಹೊಳೆದಿರಲಿಲ್ಲ. ಹೊಳೆಯಬೇಕಾದರೆ ನಾನು ಬರಲಿ ಎಂದು ಯಾರಾದರೂ ಬಯಸಿರಬೇಕಿತ್ತು. ದೀಪ ನೆಪವಾಗಿತ್ತು. ರಾತ್ರಿ ಮಲಗಿದ ಮೇಲಲ್ಲ, ಆ ಕ್ಷಣದಲ್ಲೇ, ಗಿಂಡಿ ಕೈಯಲ್ಲಿರುವಾಗಲೇ ಅತ್ತುಬಿಟ್ಟೆ. ಕಾಕು ತಡೆಯಲಿಲ್ಲ, ಅಳು ಮುಗಿಯುವವರೆಗೆ ಕಾದು ಚಹಾ ಮಾಡಿದರು.

ಅವರು ತಿರುಗಿ ಬಂದರು. ಚಾಕಲೇಟು ತಂದರು. ದೀಪ ಉರಿಯುತ್ತಿತ್ತು. ಅಲ್ಲಿಯ ಗುಡ್ಡ, ಹಸು, ಗಾಳಿ ಎಲ್ಲ ಮಗನ ಬಾಯಲ್ಲಿ ಕೇಳಿದೆ. ಗಂಡನಿಗೆ ಈಗಲೂ ಹೊತ್ತು ಹೊತ್ತಿಗೆ ಊಟ ಬಡಿಸುತ್ತೇನೆ, ಮುಂದಿನ ವರ್ಷದ ಮಾತು ತೆಗೆದರೆ ಮಾತ್ರ ಒಳಗೆ ಹೋಗುತ್ತೇನೆ.

ಸೈಕಲ್ ಬಿಟ್ಟಿಲ್ಲ. ಭಾನುವಾರ ಬೆಳಗ್ಗೆ ದೀಪಕ್ಕೆ ಎಣ್ಣೆ ಹಾಕಿ ದಾಂಡೇಲಿ ರಸ್ತೆಯಲ್ಲಿ ಹೋಗಿಬರುತ್ತೇನೆ. ಈಚೆಗೆ ಮಗಳೂ ಕರೆಯದೆ ಜೊತೆಗೆ ಬರುತ್ತಾಳೆ. ಮೊನ್ನೆ ಏರು ಹತ್ತಿ ನಿಂತಾಗ ನನ್ನ ಬೆವರು ಒರೆಸಲು ಕೈ ಎತ್ತಿ, ಮತ್ತೆ ಇಳಿಸಿ, "ಚಲೋ ಹೊಡೀತಿ ಮಮ್ಮಿ" ಎಂದಳು. ನಿಜವಾಗಿಯೇ ಹೇಳಿರಬಹುದು. ಮೊದಲಿನಂತೆಯೇ ಹೇಳಿದಳು, ಅದೇ ದನಿ, ಅದೇ ಮುಖ. ಅದಕ್ಕೇ ನಿಜವೋ ಅಲ್ಲವೋ ನನಗೆ ಗೊತ್ತಾಗಲಿಲ್ಲ. ನಾನು ಚೆನ್ನಾಗಿ ಹೊಡೆಯುತ್ತೇನೋ ಇಲ್ಲವೋ ಎಂದು ಕೇಳಿ ನಂಬಲು ನಮ್ಮ ಮನೆಯಲ್ಲಿ ಈಗ ಯಾರೂ ಇಲ್ಲ.