ಸುಡುವುದಕ್ಕೂ ಸರದಿ

ನನ್ನ ಗಂಡ ರವಿ ತೀರಿಕೊಂಡ ಮೂರನೇ ವಾರ ನಾನು ಮತ್ತೆ ಶಾಲೆಗೆ ಹೋದೆ. ಅವರ ದೇಹ ಇನ್ನೂ ಆಸ್ಪತ್ರೆಯ ಶವಾಗಾರದಲ್ಲಿತ್ತು.

ನಮ್ಮ ಮಂಡ್ಯದ ಕಡೆ ಬೆಳಗ್ಗೆ ಹೋದವರನ್ನು ಕತ್ತಲಾಗುವುದರೊಳಗೆ ಕಳಿಸಿಕೊಡುತ್ತಾರೆ. ಸ್ವೀಡನ್ನಿನಲ್ಲಿ ವಾರಗಟ್ಟಲೆ ಇಟ್ಟುಕೊಳ್ಳುತ್ತಾರೆ. ಟ್ರೋಲ್‌ಹೆಟ್ಟನ್ ಊರಿನ ವಿಮಾನ ಎಂಜಿನ್ ಕಾರ್ಖಾನೆಗೆ ಹೊರಟ ರವಿ ಬಸ್ ನಿಲ್ದಾಣದಲ್ಲಿ ಎದೆ ಹಿಡಿದುಕೊಂಡು ಕುಸಿದಿದ್ದರು. ಅಂತ್ಯಕ್ರಿಯೆಗೆ ಸಿಕ್ಕ ದಿನ ಮುಂದಿನ ತಿಂಗಳದ್ದು.

ಅತ್ತೆ ದಿನವೂ ಫೋನ್ ಮಾಡುತ್ತಿದ್ದರು.

"ಏನವ್ವಾ, ಇವತ್ತಾದ್ರೂ ಕಾರ್ಯ ಆಯ್ತಾ?"

"ಇಲ್ಲ ಅತ್ತೆ, ನಮ್ಮ ಸರದಿ ಬಂದಿಲ್ಲ."

"ಸುಡೋಕೂ ಸರದಿಯಾ? ರೇಷನ್ ಅಂಗಡಿ ಏನವ್ವಾ ಅದು? ನನ್ನ ಮಗ ಚಳೀಲಿ ಮಲಗವ್ನೆ ಅಲ್ಲಿ."

ಊರಲ್ಲಾದರೆ ಸೂತಕದ ಮನೆಗೆ ಅಕ್ಕಪಕ್ಕದವರು ಅನ್ನ ಸಾರು ತರುತ್ತಿದ್ದರು, ಕೇಳದಿದ್ದರೂ ಪಕ್ಕದಲ್ಲಿ ಕೂರುತ್ತಿದ್ದರು. ಇಲ್ಲಿ ಯಾರೋ ಬಾಗಿಲಲ್ಲಿ ಹೂವಿಟ್ಟು, ಬೆಲ್ ಒತ್ತದೆ ಹೋಗಿದ್ದರು. ಮಗಳು ತನ್ನ ಶಾಲೆಗೆ ಹೊರಟ ಮೇಲೆ ಆ ಮೌನ ತಡೆಯಲಾರದೆ ನಾನೂ ಕೆಲಸಕ್ಕೆ ಹೋದೆ.

ಇಂಗ್ಲಿಷ್ ತರಗತಿಯಲ್ಲಿ ನಾನು ಸಹಾಯಕ ಶಿಕ್ಷಕಿ. ಪಾಠ ಮಾಡುವವರು ಶೆಶ್ಟಿನ್. ಹಿಂದುಳಿದ ಮಕ್ಕಳನ್ನು ಪಕ್ಕಕ್ಕೆ ಕೂರಿಸಿಕೊಂಡು ಓದಿಸುವುದು, ಮಾತಾಡಿಸುವುದು ನನ್ನ ಕೆಲಸ. ಇಲ್ಲಿ ಮಿಸ್, ಮೇಡಂ ಇಲ್ಲ. ಹತ್ತು ವರ್ಷದವರೂ ಹೆಸರು ಹಿಡಿದು 'ದು' ಎನ್ನುತ್ತಾರೆ, ಅಂದರೆ 'ನೀನು'. ಮನೆಯಲ್ಲಿ ನನ್ನನ್ನು ಬರೀ ಶೋಭಾ ಎನ್ನುತ್ತಿದ್ದವರು ರವಿ ಒಬ್ಬರೇ. ಅಂದು ಮಕ್ಕಳು ಕೂಗಿದಾಗಲೆಲ್ಲ ತಿರುಗಿ ನೋಡಲು ಕಷ್ಟವಾಯಿತು.

ನನ್ನ ಪಕ್ಕ ಕೂತು ಓದುತ್ತಿದ್ದ ಎಲ್ಸಾ ಪುಸ್ತಕ ಮುಚ್ಚಿದಳು. "ಶೋಭಾ, ನಿನ್ನ ಗಂಡನನ್ನ ಎಲ್ಲಿಟ್ಟಿದ್ದಾರೆ?"

"ಎಲ್ಸಾ!" ಎಂದರು ಶೆಶ್ಟಿನ್.

"ಇರಲಿ ಬಿಡಿ," ಎಂದೆ. ಅಷ್ಟು ದಿನದಲ್ಲಿ ನೇರವಾಗಿ ಕೇಳಿದವಳು ಅವಳೊಬ್ಬಳೇ. "ಆಸ್ಪತ್ರೆಯಲ್ಲಿ. ಇನ್ನೂ ಕಾಯ್ತಿದ್ದಾರೆ."

"ನಮ್ಮಜ್ಜಿನೂ ಕಾದಿದ್ರು. ಮಾವ ತುಂಬ ದೂರದಿಂದ ಬರಬೇಕಿತ್ತು. ನಿಮ್ಮಲ್ಲಿ ಯಾರು ಬರಬೇಕು?"

ಅವಸರವೇ ಗೌರವ ಎಂದುಕೊಂಡು ಬೆಳೆದವಳು ನಾನು. ಇವರಿಗೆ ಕಾಯುವುದೇ ಗೌರವ. ಆದರೆ ನಮ್ಮಲ್ಲಿ ಬರುವವರು ಯಾರೂ ಇರಲಿಲ್ಲ. ಅತ್ತೆಗೆ ಪಾಸ್‌ಪೋರ್ಟೇ ಇಲ್ಲ. "ಯಾರೂ ಇಲ್ಲ," ಎಂದೆ. ಎಲ್ಸಾ ಮತ್ತೆ ಪುಸ್ತಕ ತೆರೆದಳು.

ಅಂತ್ಯಕ್ರಿಯೆಯ ದಿನ ಬಂದವರು ಕೆಲವೇ ಜನ. ಬಟನ್ ಒತ್ತಿದರು, ಶವಪೆಟ್ಟಿಗೆ ಸುಡುವಲ್ಲಿಗೆ ಕೆಳಗಿಳಿಯಿತು. ಆಮೇಲೆ ಪಕ್ಕದ ಕೋಣೆಯಲ್ಲಿ ಕಾಫಿ, ಕೇಕ್, ಇಲ್ಲಿಯ ಪದ್ಧತಿ. ಫೋನಿನಲ್ಲಿ ನೋಡುತ್ತಿದ್ದ ಅತ್ತೆ ಕೇಳಿದರು, "ಅದೇನವ್ವಾ ತಟ್ಟೆ ಸದ್ದು?"

"ಬಂದೋರು ಕಾಫಿ ಕುಡೀತಿದ್ದಾರೆ ಅತ್ತೆ."

"ಸ್ನಾನಾನೂ ಮಾಡದೆ?"

ನನ್ನ ಕೈಯಲ್ಲೂ ಒಂದು ಕಪ್ ಇತ್ತು. ಯಾರು ಕೊಟ್ಟರೋ, ಯಾವಾಗ ತೆಗೆದುಕೊಂಡೆನೋ ತಿಳಿಯದು.

ಉಳಿದದ್ದು ಬೂದಿಯ ಮಾತು. ಅತ್ತೆ ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಬಿಡಬೇಕೆಂದರು. ಮಗಳು ನಿಧಿ, ಒಂಬತ್ತು ವರ್ಷದವಳು, ಸ್ವೀಡಿಷ್‌ನಲ್ಲೇ ಹೇಳಿದಳು: ಅಪ್ಪ ಇಲ್ಲೇ ಇರಲಿ, ಶಾಲೆಯಿಂದ ನಡೆದು ಹೋಗಿ ನೋಡಬಹುದು. ಅರ್ಧರ್ಧ ಮಾಡಬಹುದೇ ಎಂದು ಸ್ಮಶಾನದ ಕಚೇರಿಯಲ್ಲಿ ಕೇಳಿದೆ. ಸಾಮಾನ್ಯವಾಗಿ ಬೂದಿಯನ್ನು ಪಾಲು ಮಾಡಲು ಬಿಡುವುದಿಲ್ಲ ಎಂದರು ಅಲ್ಲಿದ್ದ ಹೆಂಗಸು, ತುಂಬ ಮೆಲ್ಲಗೆ.

ಕೊನೆಗೆ ಅತ್ತೆಯ ಮಾತಿಗೇ ಒಪ್ಪಿದೆ; ನಾನೂ ನಿಧಿಯೂ ಬೂದಿಯೊಂದಿಗೆ ಊರಿಗೆ ಹೋಗುವುದೆಂದಾಯಿತು. ಆಕೆಗೆ ಮಗನ ಮುಖವನ್ನು ಕೊನೆಯ ಸಲ ನೋಡಲೂ ಆಗಿರಲಿಲ್ಲ. ನಿಧಿ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಕೇಳಿದಳು, ಈ ಸಲ ಕನ್ನಡದಲ್ಲಿ: "ನಾವು ವಾಪಸ್ ಬರ್ತೀವಾ?"

ಮುಂದಿನ ಅವಧಿಯ ವೇಳಾಪಟ್ಟಿಯಲ್ಲಿ ಶೆಶ್ಟಿನ್ ನನ್ನ ಹೆಸರು ಬರೆದಾಗಿತ್ತು.

"ಬರ್ತೀವಿ," ಎಂದೆ.

ಹೋಗುವಾಗ ಮೂವರು. ಬರುವಾಗ ನಾವಿಬ್ಬರೇ.